ಮಾದಪ್ಪನ ಎತ್ತರ, ಕಂಸಾಳೆಯ ಲೆಕ್ಕ

ಮಲೆ ಮಹದೇಶ್ವರ ಬೆಟ್ಟದ ದೀಪದಗಿರಿ ಒಡ್ಡಿನ ಮೇಲೆ ಹುಲಿಯೇರಿದ 108 ಅಡಿಯ ಮಾದಪ್ಪ 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾದ. ಅಲ್ಲಿಂದೀಚೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಸಾರ್ವಜನಿಕ ಶಿಲ್ಪ ಎಂದರೆ ಅದೇ ಅಳತೆಗೋಲು. ಕಂಡವರ ಕೈ ತಾನಾಗಿ ಮುಗಿಯುತ್ತದೆ. ಆ ಭಕ್ತಿಯ ಬಗ್ಗೆ ತಕರಾರಿಲ್ಲ. ಸಿಮೆಂಟಿನ ಬಗ್ಗೆಯೂ ಇಲ್ಲ. ಗಂಗರ ಕಾಲದಲ್ಲೇ ನರಸಮಂಗಲದ ರಾಮಲಿಂಗೇಶ್ವರ ಗುಡಿಯ ವಿಮಾನದ ಮೇಲೆ ಇಟ್ಟಿಗೆ, ಗಾರೆಯಲ್ಲಿ ಮೂರ್ತಿಗಳನ್ನು ಮಾಡಿದ ನಾಡಿದು; ಕಲ್ಲಾದರೆ ಮಾತ್ರ ಶಿಲ್ಪ ಎಂಬ ಮಡಿ ನಮಗೆ ಒಪ್ಪುವುದಿಲ್ಲ. ತಕರಾರು ಇಷ್ಟೇ: ಮಾದಪ್ಪನ ಪರಂಪರೆಯಿಂದ ಈ ಮೂರ್ತಿ ಎತ್ತಿಕೊಂಡದ್ದು ಕ್ಯಾಲೆಂಡರಿನ ಪಟದಲ್ಲಿ ಇರುವಷ್ಟನ್ನೇ. ಆ ಪರಂಪರೆಯ ಜೀವ ಇರುವುದು ಮಾದಪ್ಪನ ಕತೆ ಹಾಡುವ ದೇವರಗುಡ್ಡರ ಕೈಯಲ್ಲಿ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಹುರಿಗೆ ಕಟ್ಟಿದ ಚಪ್ಪಟೆ ತಾಳ, ತುದಿಗೆ ಗೊಂಡೆ: ಇದೇ ಕಂಸಾಳೆ. ಬೀಸು ಕಂಸಾಳೆಯ ಕುಣಿತದಲ್ಲಿ ಆ ಚಪ್ಪಟೆ ತಾಳ ತಲೆಯ ಮೇಲೆ, ಬೆನ್ನ ಹಿಂದೆ ಸುತ್ತಿ, ಲಯ ತಪ್ಪದೆ ಬಟ್ಟಲಿಗೇ ಬಂದು ಬಡಿಯಬೇಕು. ಒಂದು ಕಲಾಪ್ರಕಾರದ ಪೂರ್ತಿ ಲೆಕ್ಕಾಚಾರ ಆ ಹುರಿಯ ಬಿಗಿತದಲ್ಲಿದೆ. ಮಾದಪ್ಪನ ಕಾವ್ಯದ ಸಂಕಮ್ಮನ ಸಾಲು ಹಾಡುವಾಗ ಕತೆ ನಡೆಯುವುದೂ ಆ ಬಡಿತದ ಮೇಲೆಯೇ. ಒಡ್ಡಿನ ಮೂರ್ತಿಯಲ್ಲಿ ಇದರ ಸುಳಿವೂ ಇಲ್ಲ.

ಬೇರೆ ದಾರಿ ಇದೆಯೇ ಎಂದರೆ, ದೂರದ ಟೊಂಗಾ ದ್ವೀಪದ ಫಿಲಿಪೆ ತೊಹಿ ಅವರ ಕೆಲಸ ನೋಡಬೇಕು. 1959ರಲ್ಲಿ ಹುಟ್ಟಿ, 1978ರಲ್ಲಿ ನ್ಯೂಜಿಲೆಂಡಿಗೆ ಹೋದವರು. ಅವರ ನಾಡಿನಲ್ಲಿ ಮನೆಯ ತೊಲೆಗಳನ್ನೂ ದೋಣಿಯ ಮರಗಳನ್ನೂ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಬಿಗಿಯುತ್ತಿದ್ದರು; ಆ ಕಟ್ಟುವಿಕೆಗೆ ‘ಲಲವ’ ಎನ್ನುತ್ತಾರೆ. ಕಪ್ಪು, ಕಂದು ಹುರಿಗಳು ಒಂದರ ಮೇಲೊಂದು ಹಾಯುವಾಗ ಮೂಡುವ ವಿನ್ಯಾಸವನ್ನು ತೊಹಿ ಲೋಹದ ದೊಡ್ಡ ಶಿಲ್ಪಗಳಿಗೆ ತಂದರು. ತಮ್ಮ ಪುರಾಣದ ವೀರನೊಬ್ಬನನ್ನು ನೂರಡಿ ನಿಲ್ಲಿಸಬಹುದಿತ್ತು. ಅದರ ಬದಲು ತಮ್ಮವರ ಕೈಯ ಜಾಣ್ಮೆಯನ್ನೇ ರೂಪವಾಗಿಸಿದರು. ಅದಕ್ಕೇ ಆ ಕೆಲಸ ಹಳೆಯದೂ ಹೌದು, ಇಂದಿನದೂ ಹೌದು.

ನಮ್ಮ ಜನಕ್ಕೆ ಮುಖ ಬೇಕು, ಇಂಥ ನಿರಾಕಾರ ರೂಪ ಯಾರಿಗೆ ಅರ್ಥವಾಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಆದರೆ ಬೆಟ್ಟದ ಗರ್ಭಗುಡಿಯಲ್ಲಿ ಇರುವುದು ಲಿಂಗ. ಮುಖವಿಲ್ಲದ ಕಲ್ಲಿನೆದುರು ಉಘೇ ಎನ್ನಬಲ್ಲವರಿಗೆ ನಿರಾಕಾರದ ಪಾಠ ಹೇಳುವ ಅಗತ್ಯವಿಲ್ಲ. ಪ್ರವಾಸಿಗರನ್ನು ಕರೆತರುವುದು ಎತ್ತರವೇ ಅಲ್ಲವೇ ಎಂಬ ಮಾತು ಇನ್ನಷ್ಟು ಗಟ್ಟಿಯದು, ಅಷ್ಟರ ಮಟ್ಟಿಗೆ ಒಪ್ಪೋಣ. ಆದರೂ ಎತ್ತರದ ಪೈಪೋಟಿಯಲ್ಲಿ ಗೆಲುವು ತಾತ್ಕಾಲಿಕ. ನೂರೆಂಟಕ್ಕಿಂತ ಎತ್ತರದ್ದು ಇನ್ನೊಂದು ಊರಲ್ಲಿ ಎದ್ದೇ ಏಳುತ್ತದೆ. ಕಂಸಾಳೆ ಹಾಗಲ್ಲ, ಅದು ಈ ಸೀಮೆಯದು. ಹಾಗೆಂದು ಸರ್ಕಲ್ಲಿನಲ್ಲಿ ಹತ್ತಡಿಯ ಕಂಸಾಳೆ ನೆಟ್ಟು ಬಣ್ಣ ಬಳಿದರೆ ಅದೂ ಇನ್ನೊಂದು ಪಟವೇ ಆದೀತು. ಶಿಲ್ಪಿ ಹಿಡಿಯಬೇಕಾದದ್ದು ವಸ್ತುವನ್ನಲ್ಲ, ಬೀಸನ್ನು. ಊಟಿಗೂ ವಯನಾಡಿಗೂ ದಾರಿ ಕವಲೊಡೆಯುವ ಗುಂಡ್ಲುಪೇಟೆ ಅದಕ್ಕೆ ಒಳ್ಳೆಯ ಜಾಗ. ಕಲ್ಲಿಗೂ ಬರವಿಲ್ಲ: ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೆ ಹೋಗುತ್ತದೆ, ಅದರಲ್ಲೊಂದಿಷ್ಟು ಇಲ್ಲೇ ಉಳಿದರೆ ಸಾಕು. ಜಿಲ್ಲಾಡಳಿತ ಮಾಡಬೇಕಾದ ಖರ್ಚಿಲ್ಲದ ಕೆಲಸ ಒಂದಿದೆ. ಶಿಲ್ಪದ ಆಯ್ಕೆ ಸಮಿತಿಯಲ್ಲಿ ಎಂಜಿನಿಯರ್ ಪಕ್ಕ ಒಬ್ಬ ಹಿರಿಯ ದೇವರಗುಡ್ಡನನ್ನು ಕೂರಿಸಿ, ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ಅವನನ್ನು ಕೇಳುವುದು.