ಆಕಾಶಭಾಷಿತವೂ ಹಸ್ತತಾಳವೂ

ಭಾಣವೆಂಬ ರೂಪಕಭೇದದಲ್ಲಿ ನಟನು ಒಬ್ಬನೇ ಎಂಬುದೂ, ರಂಗದಲ್ಲಿ ಇಲ್ಲದವರೊಡನೆ ಅವನು ಆಕಾಶಭಾಷಿತದಿಂದ ಸಂಭಾಷಿಸುವನೆಂಬುದೂ ದಶರೂಪಕವನ್ನು ಬಲ್ಲವರಿಗೆ ವಿದಿತವೇ ಆಗಿದೆ. ಫ್ರಾನ್ಸ್ ದೇಶದ ಝಾನ್ ಕಾಕ್ತೋ ರಚಿಸಿ 1930ರಲ್ಲಿ ರಂಗಕ್ಕೆ ಬಂದ ‘ಮಾನವಧ್ವನಿ’ಯೂ, ಫ್ರಾನ್ಸಿಸ್ ಪುಲಾಂಕನು ಅದಕ್ಕೆ ಸ್ವರ ಕಟ್ಟಲು 1959ರಲ್ಲಿ ಪ್ಯಾರಿಸ್ಸಿನಲ್ಲಿ ಡೆನೀಸ್ ಡ್ಯೂವಾಲ್ ಹಾಡಿದ ಗೀತನಾಟಕವೂ ಈ ಜಾತಿಗೆ ಸಮೀಪವಾದವು. ಪ್ರಿಯನು ಅನ್ಯಳನ್ನು ವರಿಸಲಿದ್ದಾನೆ. ನಾಯಿಕೆಗೆ ಉಳಿದಿರುವುದು ದೂರವಾಣಿಯ ತಂತಿಯೊಂದೇ, ಅದೂ ಪದೇ ಪದೇ ಕಡಿದುಹೋಗುತ್ತದೆ. ಅಷ್ಟನಾಯಿಕೆಯರಲ್ಲಿ ಇವಳನ್ನು ಎಲ್ಲಿ ಸೇರಿಸಬೇಕೆಂಬ ಚರ್ಚೆ ವಿನೋದಕ್ಕೆ ಒಳ್ಳೆಯದು, ಇಲ್ಲಿ ಅನವಶ್ಯಕ.

ಭೇದವೊಂದುಂಟು. ಭಾಣದ ವಿಟನು ‘ಏನೆಂದೆ?’ ಎಂದು ಕೇಳಿ, ಎದುರಾಳಿಯ ಮಾತನ್ನು ತಾನೇ ಅನುವಾದಿಸುತ್ತಾನೆ. ಈ ನಾಯಿಕೆಯು ಬಹುಮಟ್ಟಿಗೆ ಹಾಗೆ ಮಾಡಳು. ಪ್ರಿಯನ ಉತ್ತರವು ಅವಳ ಮೌನದಲ್ಲಿಯೇ ಊಹ್ಯವು. ಆದುದರಿಂದ ರಸವೆಲ್ಲ ವಿರಾಮದ ಪ್ರಮಾಣವನ್ನು ಅವಲಂಬಿಸಿದೆ. ಆ ವಿರಾಮಗಳನ್ನು ವಾದ್ಯವೃಂದದ ನಾಯಕನು ಗಾಯಕಿಯೊಡನೆ ಮೊದಲೇ ಸೂಕ್ಷ್ಮವಾಗಿ ನಿಶ್ಚಯಿಸಬೇಕೆಂದು ಪುಲಾಂಕನೇ ವಿಧಿಸಿದ್ದಾನೆ.

ಕೆನಡಾದ ಬಾರ್ಬರಾ ಹ್ಯಾನಿಗನ್ 2021ರಲ್ಲಿ ಪ್ಯಾರಿಸ್ಸಿನ ರೇಡಿಯೋ ವಾದ್ಯವೃಂದದೊಡನೆ ಈ ಕೃತಿಯನ್ನು ಹಾಡುತ್ತಲೇ ವೃಂದವನ್ನೂ ನಡೆಸಿದರು. ಬೆನ್ನು ಸಭೆಗೆ, ಮುಖ ವಾದಕರಿಗೆ. ಆ ಮುಖವನ್ನು ಛಾಯಾಯಂತ್ರಗಳು ತೆರೆಯ ಮೇಲೆ ತೋರಿಸಿದವು. ನಾಯಕ–ಗಾಯಕಿಯರ ಒಪ್ಪಂದವು ಹೀಗೆ ಒಂದೇ ದೇಹದಲ್ಲಿ ಮುಗಿದುಹೋಯಿತು.

ಹಾಡುವವನೇ ಆಟವನ್ನು ನಡೆಸುವುದು ಕನ್ನಡ ನಾಡಿಗೆ ಹೊಸತಲ್ಲ. ಯಕ್ಷಗಾನದ ಭಾಗವತನ ಅಧಿಕಾರವೇ ಅದು. ಆ ಸ್ಥಾನದಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು (1947–2024) ಕುಳಿತು, ತಾಳ ಹಿಡಿದು, ಪುರುಷರೇ ತುಂಬಿದ ಮೇಳಗಳನ್ನು ಮುನ್ನಡೆಸಿದರು. ಪರಂತು ಭಾಗವತರು ವೇಷ ಕಟ್ಟುವುದಿಲ್ಲ. ದ್ರೌಪದಿಯ ಅಳಲನ್ನು ಹಾಡುವ ಕಂಠವು ಬೇರೆ, ಅಳುವ ಕಣ್ಣು ಬೇರೆ. ಈ ಅಂತರವಿರುವುದರಿಂದಲೇ ತಾಳ ಹಿಡಿದ ಕೈ ಪ್ರೇಕ್ಷಕನಿಗೆ ರಸವಿಘ್ನವಾಗಿ ತೋರದು.

ಹ್ಯಾನಿಗನ್ ಅವರ ಪ್ರಯೋಗದಲ್ಲಿ ಆ ಅಂತರವೇ ಇಲ್ಲ. ಎತ್ತಿದ ಕೈ ಪ್ರಿಯನನ್ನು ಬೇಡುವುದೋ, ಪಿಟೀಲಿನವರಿಗೆ ಎಡೆ ಕೊಡುವುದೋ? ಎರಡೂ ಅಹುದು, ಅದರ ಸೊಗಸೂ ತೊಡಕೂ ಅಲ್ಲಿಯೇ. ವಿರಾಮವು ಹಾಡುವವಳ ಉಸಿರಿನಷ್ಟೇ ದೀರ್ಘವಾಗುವುದು ಮಹತ್ತಾದ ಲಾಭ. ಆದರೆ ನಾಯಿಕೆಯು ಪರಾಧೀನೆ. ತಂತಿ ಯಾವಾಗ ಕಡಿಯುವುದೋ ಅವಳರಿಯಳು. ಅದನ್ನು ಕಡಿಯುವ ಕೈಯೂ ಅವಳದೇ ಆದಾಗ, ಪ್ರಿಯನೆಂಬವನು ಇದ್ದನೇ, ಅವಳ ಕಲ್ಪನೆಯೇ ಎಂಬ ಸಂದೇಹ ಹುಟ್ಟುತ್ತದೆ. ಈ ಸಂದೇಹವು ಪ್ರಯೋಗಕ್ಕೆ ಹೊಸ ಅರ್ಥವನ್ನು ಕೊಡುವುದು ನಿಜ. ಆದರೆ ಅದರಿಂದ ಕರುಣವು ಕುಗ್ಗಿ ಅದ್ಭುತವು ಮೇಲೇಳುತ್ತದೆ. ಪುಲಾಂಕನ ಕೃತಿಯು ಕರುಣವನ್ನೇ ಬೇಡುತ್ತದೆ.