ಅಭಿಮತದ ವ್ಯಾಕರಣ: ‘ಬೇಕು’ ರೂಪದ ಕುರಿತು
ಬೇಗೂರನ್ನು ಹಾದು ಬಂಡೀಪುರದ ಕಾಡಿನೊಳಗೆ ಸಾಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧ 2009ರಲ್ಲಿ ಜಾರಿಗೆ ಬಂದಿತು. ಇದರ ಬಗ್ಗೆ ಪತ್ರಿಕಾ ಅಭಿಮತ ತಳೆಯಬಹುದಾದ ಎರಡು ನಿಲುವುಗಳನ್ನು ಗಮನಿಸಿ: ‘ನಿರ್ಬಂಧ ಮುಂದುವರಿಯಬೇಕು’, ‘ನಿರ್ಬಂಧ ತೆರವಾಗಬೇಕು’. ನಿಲುವು ವಿರುದ್ಧ, ರಚನೆ ಒಂದೇ. ‘ನನಗೆ ನಿರ್ಬಂಧ ಬೇಕು’ ಎಂಬಲ್ಲಿ ಚತುರ್ಥೀ ವಿಭಕ್ತಿಯು ಬಯಸುವವರನ್ನು ತೋರಿಸುತ್ತದೆ. ‘ಮುಂದುವರಿಯಬೇಕು’ ಎಂಬಲ್ಲಿ ಆ ಸ್ಥಾನವೇ ಇಲ್ಲ. ಅಕರ್ಮಕ ಧಾತುವು ಮುಂದುವರಿಸಬೇಕಾದವರನ್ನೂ ಮರೆಮಾಡುತ್ತದೆ. ಹೀಗೆ ಲೇಖಕರ ಬಯಕೆ ಲೋಕದ ಕರ್ತವ್ಯವಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ಬರಿಯ ಶೈಲಿಯೆಂದು ಬದಿಗಿಡುವ ವಿಶ್ಲೇಷಣೆ ಸಾಲದು. ಕಾಡಂಚಿನ ರೈತ, ಲಾರಿ ಚಾಲಕ, ಅರಣ್ಯ ಇಲಾಖೆ: ಇವರಲ್ಲಿ ಯಾರಿಗೆ ಬೇಕು, ಯಾರು ಮಾಡಬೇಕು ಎಂಬುದೇ ವಾದದ ತಿರುಳು. ಲೇಖನದ ತಲೆಯಲ್ಲಿ ಹೆಸರಿದ್ದರೂ ವಾಕ್ಯದೊಳಗೆ ಹೊಣೆಗಾರರಿಲ್ಲ. ಅಭಿಮತದ ಅರ್ಥವಿಚಾರವನ್ನು ಭಾಷಾವಿಜ್ಞಾನಿಗಳು ಈ ಖಾಲಿ ಸ್ಥಾನಗಳಿಂದಲೇ ಆರಂಭಿಸಬೇಕು.