ಭಯಾನಕದ ಆಟದಲ್ಲಿ ಗುಹ್ಯವಿದ್ಯಾವಂತನ ಸ್ಥಾನ: ಒಂದು ಔಚಿತ್ಯವಿಚಾರ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ತಲೆಗೊಂದು ಪಾತ್ರವನ್ನು ವಹಿಸಿಕೊಂಡು, ಮಾತಿನಿಂದಲೂ ದಾಳದಿಂದಲೂ ಕಥೆಯೊಂದನ್ನು ಮುಂದಕ್ಕೆ ನಡೆಸುವ ಆಟವು ಸಾಹಿತ್ಯವಿಮರ್ಶೆಯ ಎಲ್ಲೆಯೊಳಗೆ ಬರತಕ್ಕದ್ದೇ ಎಂದು ಕೆಲವರು ಶಂಕಿಸಬಹುದು. ಅದರಲ್ಲಿ ವಸ್ತುವುಂಟು, ಪಾತ್ರವುಂಟು, ಸಂವಾದವುಂಟು. ನಟನೂ ಪ್ರೇಕ್ಷಕನೂ ಒಬ್ಬನೇ ಆಗಿರುವುದಷ್ಟೇ ಅದರ ವೈಶಿಷ್ಟ್ಯ. ರಸವೆಂಬುದು ಅಲ್ಲಿಯೂ ಕೂಡುತ್ತದೆ, ಅಲ್ಲಿಯೂ ಕೆಡುತ್ತದೆ. ಕೆಡುವ ಬಗೆಯೊಂದನ್ನು ವಿಚಾರ ಮಾಡುವುದು ಪ್ರಕೃತ ಲೇಖನದ ಉದ್ದೇಶ.

ಭಯಾನಕವನ್ನೇ ಅಂಗಿರಸವಾಗಿ ಇಟ್ಟುಕೊಂಡ ಇಂಥ ಆಟಗಳಲ್ಲಿ ಅಗ್ರಸ್ಥಾನವು ‘ಕಾಲ್ ಆಫ್ ಕಥುಲ್ಹು’ ಎಂಬುದಕ್ಕೆ ಸಲ್ಲುತ್ತದೆ. ಎಚ್. ಪಿ. ಲವ್‌ಕ್ರಾಫ್ಟ್ (1890–1937) ಎಂಬ ಅಮೆರಿಕದ ಕಥೆಗಾರನ ಕಲ್ಪನಾಲೋಕವನ್ನು ಆಧರಿಸಿ ಸ್ಯಾಂಡಿ ಪೀಟರ್ಸನ್ ಅವರು ರಚಿಸಿದ ಈ ಆಟವನ್ನು ಕೇಯಾಸಿಯಂ ಸಂಸ್ಥೆ 1981ರಲ್ಲಿ ಪ್ರಕಟಿಸಿತು. ಆಟಗಾರರು ವಹಿಸುವ ಪಾತ್ರಗಳೆಲ್ಲ ತನಿಖೆಗಾರರು: ವೈದ್ಯ, ಪತ್ರಕರ್ತ, ಪ್ರಾಧ್ಯಾಪಕ, ಪತ್ತೇದಾರ. ಕಥೆಯ ಸೂತ್ರವನ್ನು ಹಿಡಿದವನಿಗೆ ‘ಕೀಪರ್’ ಎಂದು ಹೆಸರು. ಪಾತ್ರಗಳ ಪಟ್ಟಿಯಲ್ಲಿ ಗುಹ್ಯವಿದ್ಯಾವಂತನೂ ಒಬ್ಬ. ಮಂತ್ರ, ತಂತ್ರ, ಜ್ಯೋತಿಷ, ಪ್ರೇತಾವಾಹನೆ ಮೊದಲಾದುವನ್ನು ಅಭ್ಯಾಸ ಮಾಡಿದವನು ಇವನು. ಉಳಿದವರಿಗಿಲ್ಲದ ತೊಡಕು ಇವನೊಬ್ಬನಿಗೆ ಉಂಟು. ಅರಿಯದುದರ ಮುಂದೆ ನಿಲ್ಲುವುದೇ ಭಯದ ಮೂಲವಾದರೆ, ಅರಿತವನನ್ನು ಆ ಕಥೆಯೊಳಕ್ಕೆ ತರುವುದು ಹೇಗೆ?

ಭರತನೂ ಬೇರೊಂದು ದಾರಿಯಿಂದ ಈ ತೊಡಕಿನ ಸಮೀಪಕ್ಕೆ ಬಂದಿದ್ದಾನೆ. ವಿಕೃತ ಧ್ವನಿ, ಭೂತದರ್ಶನ, ನರಿ ಗೂಗೆಗಳ ಕೂಗು, ಪಾಳುಮನೆ, ಅರಣ್ಯ, ಇವನ್ನು ಭಯಾನಕದ ವಿಭಾವಗಳೆಂದು ಎಣಿಸಿದ ನಾಟ್ಯಶಾಸ್ತ್ರವು ಭಯವೆಂಬ ಭಾವವನ್ನು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸಲ್ಲುವುದೆಂದು ಹೇಳುತ್ತದೆ. ಉತ್ತಮಪ್ರಕೃತಿಯವನಿಗೆ ಗುರುವಿನ, ಅರಸನ ಮುಂದೆ ತೋರಿಸಿಕೊಳ್ಳುವ ಭಯವಲ್ಲದೆ ನಿಜವಾದ ಭಯವಿಲ್ಲವೆಂಬುದು ಇದರ ತಾತ್ಪರ್ಯ. ಇಂದಿನ ಓದುಗನಿಗೆ ಈ ವಿಂಗಡಣೆ ಒಪ್ಪಿಗೆಯಾಗದು, ಒಪ್ಪಬೇಕಾಗಿಯೂ ಇಲ್ಲ. ಆದರೆ ಅದರ ಹಿಂದಿರುವ ಊಹೆ ಇಂದಿಗೂ ಜೀವಂತವಾಗಿದೆ: ಬಲ್ಲವನು ಹೆದರನು, ಹೆದರುವವನು ಬಲ್ಲವನಲ್ಲ. ಗುಹ್ಯವಿದ್ಯಾವಂತನ ಪಾತ್ರವನ್ನು ಆರಿಸಿಕೊಳ್ಳುವ ಆಟಗಾರನೂ ಪ್ರಾಯಶಃ ಇದನ್ನೇ ನೆಚ್ಚಿ ಆರಿಸುತ್ತಾನೆ. ಮಿಕ್ಕವರು ನಡುಗುವಾಗ ತಾನು ಮಾತ್ರ ಗೋಡೆಯ ಮೇಲಿನ ಲಿಪಿಯನ್ನು ಓದಬಲ್ಲವನಾಗಬೇಕೆಂಬ ಆಸೆ ಅವನದು. ಕೀಪರನು ಆ ಆಸೆಯನ್ನು ಪೂರ್ತಿಯಾಗಿ ಸಲ್ಲಿಸಿದನೋ, ಭಯವು ಅಲ್ಲಿಂದ ಕಾಲು ಕೀಳುತ್ತದೆ. ಅದರ ಸ್ಥಳದಲ್ಲಿ ಉತ್ಸಾಹ ಬಂದು ಕೂರುತ್ತದೆ, ರಸವು ವೀರವಾಗುತ್ತದೆ.

ಹೀಗೆ ಆದುದಕ್ಕೆ ನಿದರ್ಶನವುಂಟು. ಪೈಜೊ ಸಂಸ್ಥೆಯ ‘ಪಾತ್‌ಫೈಂಡರ್’ ಎಂಬ ಮತ್ತೊಂದು ಆಟಕ್ಕೆ 2015ರಲ್ಲಿ ಸೇರಿದ ಗುಹ್ಯವಿದ್ಯಾವಂತನು ಹಳೆಯ ವಸ್ತುಗಳಿಂದ ಶಕ್ತಿಯನ್ನು ಸೆಳೆಯಬಲ್ಲನು. ವಸ್ತುವನ್ನು ಕೈಯಲ್ಲಿ ಹಿಡಿದು ಅದರ ಪೂರ್ವವೃತ್ತಾಂತವನ್ನು ತಿಳಿಯಬಲ್ಲನು. ಕಲ್ಪನೆ ಸೊಗಸಾದುದೇ. ಅದೇ ಆಟದ ‘ಕ್ಯಾರಿಯನ್ ಕ್ರೌನ್’ ಎಂಬ 2011ರ ಕಥಾಸರಣಿಯಲ್ಲಿ ಬೆಂಕಿಗೆ ಆಹುತಿಯಾದ ಸೆರೆಮನೆಯೊಂದು ಬರುತ್ತದೆ. ಅಂಥ ಕಡೆ ಈ ಪಾತ್ರವು ಕಥೆಯನ್ನು ಹೊರತೆಗೆಯುವ ಒಳ್ಳೆಯ ಸಾಧನವಾದೀತು. ಆದರೆ ಅಲ್ಲಿ ಜ್ಞಾನವೆಂದರೆ ಶಕ್ತಿ, ತಿಳಿದಷ್ಟೂ ಲಾಭ. ಅದ್ಭುತವೂ ವೀರವೂ ಸಿದ್ಧಿಸುತ್ತವೆ. ಭಯಾನಕವು ಹೆಸರಿಗೆ ಮಾತ್ರ ಉಳಿಯುತ್ತದೆ.

ಪೀಟರ್ಸನ್ ಅವರ ಆಟದ ಹಿರಿಮೆಯಿರುವುದು ಈ ಲೆಕ್ಕವನ್ನು ತಿರುಗುಮುರುಗು ಮಾಡಿದುದರಲ್ಲಿ. ಅಲ್ಲಿ ಪ್ರತಿ ಪಾತ್ರಕ್ಕೂ ಚಿತ್ತಸ್ವಾಸ್ಥ್ಯವೆಂಬ ಅಂಕವೊಂದುಂಟು. ಭಯಂಕರವಾದುದನ್ನು ಕಂಡಾಗ ಅದು ಕ್ಷಯಿಸುತ್ತದೆ. ಜ್ಞಾನವನ್ನು ಎರಡಾಗಿ ಒಡೆದು, ‘ಅಕಲ್ಟ್’ ಎಂಬುದನ್ನು ಒಂದು ಕಡೆಗೂ ‘ಕಥುಲ್ಹು ಮಿಥೋಸ್’ ಎಂಬುದನ್ನು ಇನ್ನೊಂದು ಕಡೆಗೂ ಇಟ್ಟಿದ್ದಾರೆ. ಮೊದಲನೆಯದು ಮಾನವಕುಲ ಕಟ್ಟಿಕೊಂಡು ಬಂದ ಗುಹ್ಯಶಾಸ್ತ್ರ. ಅದು ಯಾವ ಪಾತ್ರಕ್ಕಾದರೂ ನೂರಕ್ಕೆ 5ರಷ್ಟು ಇದ್ದೇ ಇರುತ್ತದೆ. ಎರಡನೆಯದು ಈ ಕಥಾಲೋಕದ ನಿಜಸ್ಥಿತಿಯ ಅರಿವು. ಅದು ಸೊನ್ನೆಯಿಂದ ಆರಂಭವಾಗುತ್ತದೆ, ಅಭ್ಯಾಸಬಲದಿಂದ ಬೆಳೆಯುವುದಿಲ್ಲ. ಚಿತ್ತಸ್ವಾಸ್ಥ್ಯವು ಏರಬಹುದಾದ ಮಿತಿಯೆಂದರೆ 99ರಲ್ಲಿ ಈ ಎರಡನೆಯ ಜ್ಞಾನವನ್ನು ಕಳೆದು ಉಳಿದಷ್ಟು. ಇಪ್ಪತ್ತರಷ್ಟು ಅರಿತವನು 79ನ್ನು ಮೀರಿ ಸ್ವಸ್ಥನಾಗಲಾರ, ಯಾವ ಚಿಕಿತ್ಸೆಯಿಂದಲೂ ಆಗಲಾರ.

ಇದಕ್ಕಿಂತ ಸೂಕ್ಷ್ಮವಾದ ನಿಯಮ ಮತ್ತೊಂದಿದೆ. ಒಂದೇ ಪೆಟ್ಟಿಗೆ ಐದು ಅಥವಾ ಹೆಚ್ಚು ಅಂಕಗಳನ್ನು ಕಳೆದುಕೊಂಡವನು ತನ್ನ ಬುದ್ಧಿಶಕ್ತಿಯ ಮೇಲೆ ದಾಳ ಹಾಕಬೇಕು. ಸೋತರೆ, ಮನಸ್ಸು ಕಂಡುದನ್ನು ಮುಚ್ಚಿಹಾಕುತ್ತದೆ, ಅವನು ಪಾರಾದ. ಗೆದ್ದರೆ, ಕಂಡುದರ ಅರ್ಥ ಅವನಿಗೆ ಆಯಿತು. ಅವನಿಗೆ ಹುಚ್ಚು ಹಿಡಿಯುತ್ತದೆ. ದಾಳದ ಆಟಗಳಲ್ಲಿ ಗೆಲುವೇ ಕೇಡಾಗುವ ಸಂದರ್ಭ ವಿರಳ. ಬಲ್ಲವನು ಹೆದರನೆಂಬ ಹಳೆಯ ಊಹೆಯನ್ನು ಇಷ್ಟು ಸಂಕ್ಷೇಪವಾಗಿ ಅಲ್ಲಗಳೆದ ಗ್ರಂಥವನ್ನು ನಾವು ಬೇರೆ ಕಂಡಿಲ್ಲ.

ಇಷ್ಟಿದ್ದರೂ ನಿಯಮವು ತಾನೇ ಪಾತ್ರವನ್ನು ಕಥೆಗೆ ಹೊಂದಿಸಲಾರದು. ರೂಢಿಯಲ್ಲಿ ಕೀಪರರು ಹಿಡಿಯುವ ದಾರಿಗಳು ಎರಡು. ಗುಹ್ಯವಿದ್ಯಾವಂತನಿಗೆ ಆಗಾಗ ಒಂದಿಷ್ಟು ಗುಟ್ಟನ್ನು ಉಣಿಸುತ್ತ ಅವನನ್ನು ಜಂಗಮ ಗ್ರಂಥಾಲಯವನ್ನಾಗಿ ಮಾಡುವುದು ಮೊದಲನೆಯದು. ಅವನ ವಿದ್ಯೆಯೆಲ್ಲ ಹುಸಿಯೆಂದು ತೋರಿಸಿ ನಗೆಗೀಡು ಮಾಡುವುದು ಎರಡನೆಯದು. ಎರಡೂ ಅನುಚಿತವೆಂದು ನಮ್ಮ ಮತ. ಮೊದಲನೆಯದರಲ್ಲಿ ಮಿಕ್ಕ ಆಟಗಾರರಿಗೆ ಕೆಲಸವಿಲ್ಲದೆ ಹೋಗುತ್ತದೆ. ಎರಡನೆಯದರಲ್ಲಿ ಆ ಒಬ್ಬ ಆಟಗಾರನಿಗೆ ಅನ್ಯಾಯವಾಗುತ್ತದೆ. ಎರಡರ ದೋಷಕ್ಕೂ ಮೂಲವೊಂದೇ: ಇವನೇನು ಬಲ್ಲನೆಂದು ಕೇಳುತ್ತಾರೆಯೇ ಹೊರತು, ಇವನು ಯಾವುದನ್ನು ಹಾರೈಸಿ ಆ ವಿದ್ಯೆಗೆ ಕೈಹಾಕಿದನೆಂದು ಕೇಳುವುದಿಲ್ಲ.

ಲ್ಯಾರಿ ಡಿಟಿಲಿಯೊ ಅವರು ಲಿನ್ ವಿಲ್ಲಿಸ್ ಅವರೊಡನೆ ರಚಿಸಿದ ‘ಮಾಸ್ಕ್ಸ್ ಆಫ್ ನ್ಯಾರ್ಲತೊಟೆಪ್’ (1984) ಎಂಬ ಪ್ರಸಿದ್ಧ ಕಥಾಸರಣಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. (ಅದನ್ನು ಮುಂದೆ ಆಡಬೇಕೆಂದಿರುವವರು ಇಲ್ಲಿಂದ ಮುಂದಕ್ಕೆ ಓದದಿರುವುದು ಲೇಸು.) 1925ರ ಜನವರಿಯಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಜಾಕ್ಸನ್ ಇಲಿಯಾಸ್ ಎಂಬ ಲೇಖಕನ ಕೊಲೆಯಾಗುತ್ತದೆ. ಗುಪ್ತಪಂಥಗಳನ್ನು ಕುರಿತು ಬರೆದು, ಅತಿಮಾನುಷವಾದುದನ್ನು ನಂಬದವನು ಅವನು. ಆ ಕೊಲೆಯ ಜಾಡು ಹಿಡಿದ ತನಿಖೆಗಾರರು ಲಂಡನ್, ಕೈರೊ, ಕೀನ್ಯ, ಆಸ್ಟ್ರೇಲಿಯ, ಶಾಂಘೈಗಳನ್ನು ಸುತ್ತುತ್ತಾರೆ. 1926ರ ಜನವರಿ 14ರ ಸಂಪೂರ್ಣ ಸೂರ್ಯಗ್ರಹಣದ ಕಾಲಕ್ಕೆ ದೇವತೆಯೊಂದರ ಆಗಮನಕ್ಕಾಗಿ ದ್ವಾರ ತೆರೆಯುವುದು ಆ ಪಂಥಗಳ ಸಂಕಲ್ಪ. ಗ್ರಹಣವು ಕಲ್ಪಿತವಲ್ಲ, ಅಂದು ಪೂರ್ವ ಆಫ್ರಿಕದಿಂದ ಹಿಂದೂ ಮಹಾಸಾಗರವನ್ನು ದಾಟಿ ಸುಮಾತ್ರದ ಕಡೆಗೆ ಅದರ ನೆರಳು ನಿಜವಾಗಿಯೂ ಹಾಯಿತು. ಮೊದಲ ಮುದ್ರಣದಲ್ಲಿ ಐರೋಪ್ಯೇತರ ಜನರು ಬಹುಮಟ್ಟಿಗೆ ಪಂಥದ ಗುಂಪುಗಳಾಗಿಯೇ ಬರುವುದು ಈ ಕೃತಿಯ ದೊಡ್ಡ ಕೊರತೆ; 2018ರ ಪರಿಷ್ಕರಣದಲ್ಲಿ ಅದನ್ನು ತಿದ್ದುವ ಯತ್ನವಿದೆ.

ಈ ಕಥೆಗೆ 1925ರ ಗುಹ್ಯವಿದ್ಯಾವಂತನೊಬ್ಬನು ಬೇಕು. ಅವನು ಥಿಯಾಸಫಿಸ್ಟನಾಗಿರಲಿ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಆ ಸಂಘದ ಕೇಂದ್ರಸ್ಥಾನವು 1882ರಿಂದ ಮದರಾಸಿನ ಅಡಯಾರಿನಲ್ಲಿದೆ. ಲವ್‌ಕ್ರಾಫ್ಟನು ತಾನು ಭೌತವಾದಿಯಾಗಿದ್ದರೂ 1928ರಲ್ಲಿ ಅಚ್ಚಾದ ತನ್ನ ಕಥೆಯಲ್ಲಿ ಥಿಯಾಸಫಿಸ್ಟರನ್ನು ಸ್ಮರಿಸಿದ್ದಾನೆ. ಆದುದರಿಂದ ಇದು ಹೊರಗಿನಿಂದ ತಂದು ಅಂಟಿಸಿದ ಸಂಬಂಧವಲ್ಲ. 1911ರಲ್ಲಿ ಸ್ಥಾಪಿತವಾದ ನಕ್ಷತ್ರಸಂಘದ ಸದಸ್ಯರು ಜಗದ್ಗುರುವಿನ ಆಗಮನವನ್ನು ಎದುರುನೋಡುತ್ತಿದ್ದರು, ಯುವಕ ಜೆ. ಕೃಷ್ಣಮೂರ್ತಿಯವರಲ್ಲಿ ಆತನು ಪ್ರಕಟವಾಗುವನೆಂಬುದು ಅವರ ಶ್ರದ್ಧೆ. 1925ರ ಡಿಸೆಂಬರ್ 28ರಂದು ಅಡಯಾರಿನ ಸಭೆಯಲ್ಲಿ ಕೃಷ್ಣಮೂರ್ತಿಯವರ ಮಾತು ನಡುವೆ ಉತ್ತಮಪುರುಷಕ್ಕೆ ತಿರುಗಿತು. ಆ ಆಗಮನವಾಯಿತೆಂದೇ ಅನೇಕರು ಭಾವಿಸಿದರು. ಅಲ್ಲಿಂದ ಗ್ರಹಣಕ್ಕೆ ಹದಿನೇಳು ದಿನ.

ಈ ಹದಿನೇಳು ದಿನಗಳಲ್ಲಿಯೇ ನಮ್ಮ ಪಾತ್ರದ ಔಚಿತ್ಯವೆಲ್ಲ ಅಡಗಿದೆ. ವರ್ಷವಿಡೀ ಅವನು ಕಂಡ ಪಂಥದವರೂ ಅವನಂತೆಯೇ ಬರುವವನಿಗಾಗಿ ಕಾಯುತ್ತಿದ್ದಾರೆ. ಅವನಂತೆಯೇ ಗ್ರಹಗತಿಗಳನ್ನು ಎಣಿಸುತ್ತಿದ್ದಾರೆ. ಒಂದು ದೈವವು ಹಲವು ದೇಶಗಳಲ್ಲಿ ಹಲವು ಮುಖವಾಡಗಳನ್ನು ತೊಡುತ್ತದೆಯೆಂಬ ಅವರ ಮಾತು ಅವನ ಶ್ರದ್ಧೆಯ ಭಾಷೆಯಲ್ಲಿಯೂ ಸಲ್ಲುವಂಥದು. ಕೀನ್ಯದಲ್ಲಿ ಅವನಿರುವಾಗ ಅಡಯಾರಿನ ಗೆಳೆಯನಿಂದ ತಂತಿಯೊಂದು ತಲಪಲಿ, ಅದರಲ್ಲಿ ಶುಭವಾರ್ತೆಯಿರಲಿ. ಕೀಪರನು ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ. ಬಂದವನು ಯಾರು ಎಂಬ ಪ್ರಶ್ನೆ ಆಟಗಾರನ ಮನಸ್ಸಿನಲ್ಲಿ ತಾನಾಗಿ ಏಳುತ್ತದೆ. ವೈದ್ಯನಿಗಾಗಲಿ ಪತ್ರಕರ್ತನಿಗಾಗಲಿ ಈ ಭಯ ಸಾಧ್ಯವಿಲ್ಲ. ಅವರು ಪ್ರಾಣಕ್ಕೆ ಹೆದರುತ್ತಾರೆ. ಇವನು ತನ್ನ ಹಾರೈಕೆಗೇ ಹೆದರುತ್ತಾನೆ. ಅಡಯಾರಿನಲ್ಲಿ ನಡೆದುದರ ನಿಜವೇನೆಂದು ಮೇಜಿನ ಮೇಲೆ ತೀರ್ಮಾನಿಸಲು ಹೊರಡಬಾರದು. ಜನರು ನಿಜವಾಗಿ ಬಾಳಿದ ಶ್ರದ್ಧೆಯನ್ನು ಗೇಲಿಗೆ ತರುವುದು ರಸಭಂಗವಷ್ಟೇ ಅಲ್ಲ, ಅವಿನಯವೂ ಹೌದು. 1929ರಲ್ಲಿ ಕೃಷ್ಣಮೂರ್ತಿಯವರೇ ಆ ಸಂಘವನ್ನು ವಿಸರ್ಜಿಸಿದರೆಂಬುದು ನಮಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ.

ಆಟದ ಏಳನೆಯ ಆವೃತ್ತಿಯಲ್ಲಿ (2014) ಇದಕ್ಕೆ ಒದಗುವ ನಿಯಮವೊಂದಿದೆ. ಕಥುಲ್ಹು ಮಿಥೋಸಿನ ಗ್ರಂಥವನ್ನು ಓದಿದವನು ಅದನ್ನು ನಂಬದೆ ಇರಬಹುದು. ಆಗ ಜ್ಞಾನ ಬರುತ್ತದೆ, ಸ್ವಾಸ್ಥ್ಯ ಉಳಿಯುತ್ತದೆ. ಮುಂದೆ ಕಣ್ಣಾರೆ ಕಂಡು ನಂಬಬೇಕಾಗಿ ಬಂದ ದಿನ, ಕೂಡಿಟ್ಟ ಜ್ಞಾನದಷ್ಟೇ ಸ್ವಾಸ್ಥ್ಯವನ್ನು ಒಮ್ಮೆಗೇ ತೆರಬೇಕು. ಪತ್ರಕರ್ತನು ಈ ಸಾಲವನ್ನು ಸುಲಭವಾಗಿ ಮುಂದೂಡಬಲ್ಲನು. ನಂಬುವುದೇ ಸ್ವಭಾವವಾಗಿರುವ ಗುಹ್ಯವಿದ್ಯಾವಂತನು ಮುಂದೂಡಬೇಕಾದರೆ ತನ್ನ ಶ್ರದ್ಧೆಯನ್ನು ತಾನೇ ನಿರಾಕರಿಸಬೇಕು. ನ್ಯೂಯಾರ್ಕಿನಲ್ಲಿ ನಗುತ್ತಲೇ ಕೇಳಿದ ಇಲಿಯಾಸನ ಸಂದೇಹವಾದವನ್ನು ಅವನು ಕೈರೊದಲ್ಲಿ ಆತುಕೊಳ್ಳುವಂತಾಗುತ್ತದೆ.

ಚಿತ್ತಸ್ವಾಸ್ಥ್ಯವು ಸೊನ್ನೆಗಿಳಿದ ಪಾತ್ರವು ಆಟಗಾರನ ಕೈಬಿಟ್ಟು ಕೀಪರನ ವಶವಾಗುತ್ತದೆ. ಮಿಕ್ಕವರ ಪಾಲಿಗೆ ಅದು ಒಬ್ಬ ಜೊತೆಗಾರನ ನಷ್ಟ. ಗುಹ್ಯವಿದ್ಯಾವಂತನ ಪಾಲಿಗೆ ಹಾಗಲ್ಲ. ಗ್ರಹಣದ ದಿನ ದ್ವಾರದ ಆಚೆ ಬದಿಯಲ್ಲಿ ನಿಂತು, ಕೊನೆಗೂ ಬಂದಿರಾ ಎಂದು ಹಳೆಯ ಗೆಳೆಯರನ್ನು ಹೆಸರು ಹಿಡಿದು ಕರೆಯುವವನು ಅವನೇ ಆಗಬಹುದು. ಆ ಮಾತನ್ನು ಆಗ ಆಡುವವನು ಕೀಪರ್. ಪಾತ್ರದ ಹಾಳೆಯನ್ನು ಒಪ್ಪಿಸಿದ ಆಟಗಾರನು ಮೇಜಿನ ಬಳಿಯಲ್ಲಿಯೇ ಕುಳಿತು ಅದನ್ನು ಕೇಳುತ್ತಾನೆ.